ಹಜಾರ್ಡ್, ರಿಸ್ಕ್ ಮತ್ತು ನಮ್ಮ ‘ಅಪಾಯ’

2023ರ ಜುಲೈ 14ರಂದು ವಿಶ್ವ ಆರೋಗ್ಯ ಸಂಸ್ಥೆಯ ಕಡೆಯಿಂದ ಆಸ್ಪರ್ಟೇಮ್ ಎಂಬ ಕೃತಕ ಸಿಹಿಯ ಬಗ್ಗೆ ಎರಡು ತೀರ್ಮಾನಗಳು ಒಟ್ಟಿಗೇ ಹೊರಬಿದ್ದವು. ಡಯಟ್ ಪಾನೀಯಗಳಲ್ಲಿ, ಸಕ್ಕರೆ ಕಾಯಿಲೆಯವರು ಕಾಫಿಗೆ ಹಾಕಿಕೊಳ್ಳುವ ಕೆಲವು ಗುಳಿಗೆಗಳಲ್ಲಿ ಇರುವ ಸಿಹಿ ಇದು. ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಅಂದರೆ ಐಎಆರ್‌ಸಿ, ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದ ವಸ್ತುಗಳ ‘2ಬಿ’ ಗುಂಪಿಗೆ ಸೇರಿಸಿತು. ಆಹಾರಕ್ಕೆ ಬೆರೆಸುವ ವಸ್ತುಗಳನ್ನು ಪರಿಶೀಲಿಸುವ ಇನ್ನೊಂದು ತಜ್ಞರ ಸಮಿತಿಯೋ, ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನು ಬದಲಿಸಲು ಕಾರಣವಿಲ್ಲ ಎಂದಿತು. 70 ಕಿಲೋ ತೂಕದವರು ಆ ಮಿತಿ ದಾಟಬೇಕಾದರೆ ದಿನಕ್ಕೆ 9ರಿಂದ 14 ಕ್ಯಾನುಗಳಿಗಿಂತ ಹೆಚ್ಚು ಡಯಟ್ ಪಾನೀಯ ಕುಡಿಯಬೇಕಾಗುತ್ತದೆ ಎಂಬ ಲೆಕ್ಕವನ್ನೂ ಸಂಸ್ಥೆ ಕೊಟ್ಟಿತು.

ಒಂದೇ ಮನೆಯಿಂದ ಒಂದೇ ದಿನ ಬಂದ ಈ ಎರಡು ಮಾತು ಪರಸ್ಪರ ವಿರೋಧವೆಂದು ಹಲವರಿಗೆ ಅನ್ನಿಸಿತು. ವಿಜ್ಞಾನಿಗಳಿಗೇ ಒಮ್ಮತವಿಲ್ಲದ ಮೇಲೆ ನಾವು ಯಾರನ್ನು ನಂಬೋಣ ಎಂಬ ಪ್ರಶ್ನೆಯೂ ಬಂತು. ನಿಜಕ್ಕೂ ಅಲ್ಲಿ ವಿರೋಧವಿರಲಿಲ್ಲ. ಮೊದಲ ಸಮಿತಿ ಉತ್ತರಿಸಿದ್ದು ಹಜಾರ್ಡ್‌ನ ಪ್ರಶ್ನೆಗೆ, ಎರಡನೆಯದು ಉತ್ತರಿಸಿದ್ದು ರಿಸ್ಕಿನ ಪ್ರಶ್ನೆಗೆ.

ಇಂಗ್ಲಿಷ್ ಮಾತಾಡುವವರೂ ಈ ಎರಡು ಪದಗಳನ್ನು ದಿನನಿತ್ಯದಲ್ಲಿ ಅದಲುಬದಲು ಬಳಸುತ್ತಾರೆ. ವಿಷಶಾಸ್ತ್ರದವರು, ಕಾರ್ಖಾನೆಗಳ ಸುರಕ್ಷತೆ ನೋಡುವವರು, ವಿಪತ್ತು ನಿರ್ವಹಣೆಯವರು ಮಾತ್ರ ಅವನ್ನು ಬೇರೆಯಾಗಿಯೇ ಇಟ್ಟುಕೊಂಡಿದ್ದಾರೆ. ಒಂದು ವಸ್ತುವಿನಲ್ಲಿ ಅಥವಾ ಸನ್ನಿವೇಶದಲ್ಲಿ ಅಡಗಿರುವ ಕೇಡು ಮಾಡುವ ಶಕ್ತಿ ಹಜಾರ್ಡ್. ಆ ಶಕ್ತಿ ಯಾರನ್ನಾದರೂ ಮುಟ್ಟಿ ಇಷ್ಟು ಕೇಡು ಮಾಡೀತು ಎಂಬ ಸಂಭವ ರಿಸ್ಕ್. ಮೊದಲನೆಯದನ್ನು ತಿಳಿಯಲು ವಸ್ತುವನ್ನು ಪರೀಕ್ಷಿಸಿದರೆ ಸಾಕು. ಎರಡನೆಯದಕ್ಕೆ ಮನುಷ್ಯರ ನಡುವೆ ಹೋಗಿ ಯಾರು, ಎಷ್ಟು ಹೊತ್ತು, ಎಷ್ಟು ಹತ್ತಿರ, ಏನು ರಕ್ಷಣೆ ಇಟ್ಟುಕೊಂಡು ಅದರ ಜೊತೆ ಇರುತ್ತಾರೆ ಎಂದು ನೋಡಬೇಕು.

2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಪುಟ್ಟ ಮಗುವೊಂದು ಕೊಳವೆಬಾವಿಗೆ ಬಿದ್ದು, ಸುಮಾರು 20 ತಾಸಿನ ಕಾರ್ಯಾಚರಣೆಯ ನಂತರ ಜೀವಂತವಾಗಿ ಹೊರಬಂದದ್ದು ಓದುಗರಿಗೆ ನೆನಪಿರಬಹುದು. ಹೀಗೆ ಬಿದ್ದ ಎಲ್ಲ ಮಕ್ಕಳಿಗೂ ಆ ಅದೃಷ್ಟ ಇರಲಿಲ್ಲ. ನೆಲದಲ್ಲಿ ಮಗುವಿನ ಮೈ ನುಸುಳುವಷ್ಟು ಅಗಲದ ಆಳವಾದ ಕೊಳವೆ ಇರುವುದು ಹಜಾರ್ಡ್. ಕರ್ನಾಟಕದ ಒಣಭೂಮಿಯಲ್ಲಿ ಅಂಥ ಕೊಳವೆಗಳು ಲೆಕ್ಕವಿಲ್ಲದಷ್ಟಿವೆ, ಮುಂದೆಯೂ ಕೊರೆಯುತ್ತಾರೆ. ಆದರೆ ಕೊರೆದ ಬಾಯಿಗೆ ಮುಚ್ಚಳ ಬೆಸೆದಿದ್ದಾರೆಯೇ, ಸುತ್ತ ಬೇಲಿ ಇದೆಯೇ, ನೀರು ಸಿಗದ ಬಾವಿಯನ್ನು ಮಣ್ಣು ತುಂಬಿ ಮುಚ್ಚಿದ್ದಾರೆಯೇ ಎಂಬುದರ ಮೇಲೆ ರಿಸ್ಕ್ ನಿಂತಿದೆ. ಕೊರೆಯುವ 15 ದಿನ ಮೊದಲೇ ಅಧಿಕಾರಿಗಳಿಗೆ ತಿಳಿಸುವುದರಿಂದ ಹಿಡಿದು ಉಕ್ಕಿನ ತಗಡು ಬೆಸೆಯುವವರೆಗೆ ಏನೇನು ಮಾಡಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತು. ಆ ಸೂಚನೆಗಳಲ್ಲಿ ಕೊಳವೆಯ ಆಳ ಕಡಿಮೆ ಮಾಡಿ ಎಂಬ ಮಾತಿಲ್ಲ. ಇರುವುದೆಲ್ಲ ಮಗು ಮತ್ತು ಕೊಳವೆಯ ಬಾಯಿಯ ನಡುವೆ ಯಾರು ಏನು ಇಡಬೇಕು ಎಂಬುದು.

ನನ್ನ ವಾದವೂ ಇಷ್ಟೇ. ಹಜಾರ್ಡ್ ವಸ್ತುವಿನ ಗುಣ. ಅದಕ್ಕೆ ಹೊಣೆಗಾರರನ್ನು ಹುಡುಕಿ ಪ್ರಯೋಜನವಿಲ್ಲ. ರಿಸ್ಕಿಗೆ ಮಾತ್ರ ಹೊಣೆಗಾರರು ಇದ್ದೇ ಇರುತ್ತಾರೆ. ಎರಡನ್ನೂ ‘ಅಪಾಯ’ ಎಂಬ ಒಂದೇ ಪದದಲ್ಲಿ ಕಟ್ಟಿಟ್ಟಾಗ ಆ ಹೊಣೆಗಾರರು ನಮ್ಮ ಕಣ್ಣಿಗೆ ಬೀಳದೆ ಹೋಗುತ್ತಾರೆ.

ಕನ್ನಡಕ್ಕೆ ಈ ವ್ಯತ್ಯಾಸ ಹೊಸದೇನಲ್ಲ. ಅತಿಯಾದರೆ ಅಮೃತವೂ ವಿಷ ಎನ್ನುವ ಗಾದೆಯಲ್ಲಿ ಪ್ರಮಾಣದ ತಿಳಿವಳಿಕೆ ಸ್ಪಷ್ಟವಾಗಿದೆ. ಮಾತಿನ ಕನ್ನಡ ‘ರಿಸ್ಕ್’ ಅನ್ನು ಎಂದೋ ತನ್ನದಾಗಿಸಿಕೊಂಡಿದೆ. ‘ಸುಮ್ನೆ ರಿಸ್ಕ್ ತಗೋಬೇಡ’ ಎಂದು ಹೇಳುವ ಅಜ್ಜಿಗೂ ಅದರ ಅರ್ಥ ಸರಿಯಾಗಿ ಗೊತ್ತು: ಆಗಲೂಬಹುದು, ಆಗದಿರಲೂಬಹುದು, ಆದರೆ ಆಯ್ಕೆ ನಿನ್ನದು. ಹಜಾರ್ಡ್ ಮಾತ್ರ ಕಾರಿನ ಹಜಾರ್ಡ್ ಲೈಟಿನ ಆಚೆಗೆ ನಮ್ಮ ಬಾಯಿಗೆ ಬಂದಿಲ್ಲ. ಬರಹದ ಕನ್ನಡ, ಅದರಲ್ಲೂ ಪತ್ರಿಕೆ ಮತ್ತು ಸರ್ಕಾರಿ ಪ್ರಕಟಣೆಯ ಕನ್ನಡ, ಎರಡಕ್ಕೂ ‘ಅಪಾಯಕಾರಿ’ ಎಂದು ಬರೆದು ಮುಗಿಸುತ್ತದೆ.

ಆದರೆ ನಮ್ಮ ಪತ್ರಕರ್ತರನ್ನಷ್ಟೇ ದೂರಿದರೆ ತಪ್ಪಾಗುತ್ತದೆ. ಐಎಆರ್‌ಸಿಯೇ ತನ್ನ ಪ್ರಸಿದ್ಧ ವರದಿ ಮಾಲಿಕೆಯ ಶೀರ್ಷಿಕೆಯಲ್ಲಿ ದಶಕಗಳ ಕಾಲ ‘ರಿಸ್ಕ್’ ಎಂಬ ಪದವನ್ನಿಟ್ಟುಕೊಂಡಿತ್ತು. 1972ರಲ್ಲಿ ಮೊದಲ ಸಂಪುಟ ಬಂದಾಗಿನಿಂದಲೂ ಹಾಗೆಯೇ. ಒಳಗಿನ ಕೆಲಸ ಮಾತ್ರ ಹಜಾರ್ಡ್ ಗುರುತಿಸುವುದು. ಕೊನೆಗೆ 2019ರಲ್ಲಿ ಶೀರ್ಷಿಕೆಯಲ್ಲಿ ‘ರಿಸ್ಕ್’ ತೆಗೆದು ‘ಹಜಾರ್ಡ್’ ಎಂದು ಬದಲಿಸಿದರು. ಜಗತ್ತಿನ ಅತ್ಯಂತ ಎಚ್ಚರದ ವಿಜ್ಞಾನಿಗಳು ಕೂಡ ಒಂದು ಪದ ತಿದ್ದಲು ಸುಮಾರು ಐದು ದಶಕ ತೆಗೆದುಕೊಂಡರು. ಅಷ್ಟರೊಳಗೆ ಎಷ್ಟೋ ಗೊಂದಲ ಆಗಿಹೋಗಿತ್ತು.

ಅದರಲ್ಲಿ ದೊಡ್ಡದು 2015ರ ಅಕ್ಟೋಬರ್‌ನದು. ಬೇಕನ್, ಸಾಸೇಜ್‌ಗಳಂಥ ಸಂಸ್ಕರಿಸಿದ ಮಾಂಸವನ್ನು ಆಗ ತಂಬಾಕು ಇರುವ 1ನೇ ಗುಂಪಿಗೇ ಸೇರಿಸಿದರು. ಸಾಸೇಜ್ ಸಿಗರೇಟಿನಷ್ಟೇ ಕೆಟ್ಟದ್ದು ಎಂಬ ಸುದ್ದಿ ಜಗತ್ತೆಲ್ಲ ಹಬ್ಬಿತು. 1ನೇ ಗುಂಪು ಅಂದರೆ ಕ್ಯಾನ್ಸರ್ ತರುತ್ತದೆ ಎಂಬುದಕ್ಕೆ ಪುರಾವೆ ಗಟ್ಟಿಯಾಗಿದೆ ಎಂದಷ್ಟೇ ಅರ್ಥ. ಎಷ್ಟು ಜನರಿಗೆ ತರುತ್ತದೆ ಎಂಬ ಲೆಕ್ಕ ಅದರಲ್ಲಿ ಇರುವುದಿಲ್ಲ. ಅದೇ ಗುಂಪಿನಲ್ಲಿ ಪ್ಲುಟೋನಿಯಂ ಇದೆ, ಬಿಸಿಲೂ ಇದೆ, ಬಡಗಿಯ ಮೂಗಿಗೆ ಹೋಗುವ ಮರದ ಹುಡಿಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಆಗ ಕೊಟ್ಟ ಅಂದಾಜು ನೋಡಿ: ವರ್ಷಕ್ಕೆ ಜಗತ್ತಿನಲ್ಲಿ ಸಂಸ್ಕರಿಸಿದ ಮಾಂಸದ ಅತಿ ಸೇವನೆಯಿಂದ ಆಗುವ ಕ್ಯಾನ್ಸರ್ ಸಾವು ಸುಮಾರು 34 ಸಾವಿರ, ತಂಬಾಕಿನಿಂದ ಸುಮಾರು 10 ಲಕ್ಷ. ಹಜಾರ್ಡ್ ಪಟ್ಟಿಯಲ್ಲಿ ಒಂದೇ ಸಾಲಿನಲ್ಲಿ ಕೂತ ಎರಡು ವಸ್ತುಗಳು ರಿಸ್ಕಿನ ಲೆಕ್ಕಕ್ಕೆ ಬಂದಾಗ ಇಷ್ಟು ದೂರ ಸರಿಯುತ್ತವೆ.

ಈ ವಿಷಯ ಕರ್ನಾಟಕಕ್ಕೆ ಬಂದು ಕೂರುವುದು ಅಡಿಕೆಯಲ್ಲಿ. ಅದನ್ನು ಬಿಟ್ಟು ಈ ಲೇಖನ ಬರೆಯುವುದು ಪ್ರಾಮಾಣಿಕವಾಗುವುದಿಲ್ಲ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವುದು ನಾವು. ಶಿವಮೊಗ್ಗ, ಚನ್ನಗಿರಿ, ಶಿರಸಿ, ಪುತ್ತೂರು, ತುಮಕೂರಿನ ಎಷ್ಟು ಮನೆಗಳಲ್ಲಿ ಮಕ್ಕಳ ಕಾಲೇಜು ಶುಲ್ಕ, ಮಗಳ ಮದುವೆ, ಅಪ್ಪನ ಆಪರೇಷನ್ ಎಲ್ಲವೂ ರಾಶಿ ಅಡಿಕೆಯ ದರ, ಚಾಲಿ ಅಡಿಕೆಯ ದರದ ಮೇಲೆ ನಿಂತಿವೆ ಎಂಬುದನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ. ಐಎಆರ್‌ಸಿ 1985ರಲ್ಲಿ ತಂಬಾಕು ಸೇರಿದ ಎಲೆಅಡಿಕೆಯನ್ನು ಮಾತ್ರ ಕ್ಯಾನ್ಸರ್‌ಕಾರಕ ಎಂದಿತ್ತು. ತಂಬಾಕಿಲ್ಲದ ಕವಳದ ಬಗ್ಗೆ ಪುರಾವೆ ಸಾಲದು ಎಂದು ಬಿಟ್ಟಿತ್ತು. 2004ರಲ್ಲಿ ಪ್ರಕಟವಾದ ಸಂಪುಟದಲ್ಲಿ ತಂಬಾಕಿಲ್ಲದ ಎಲೆಅಡಿಕೆ ಮತ್ತು ಬರೀ ಅಡಿಕೆ ಎರಡನ್ನೂ 1ನೇ ಗುಂಪಿಗೆ ಸೇರಿಸಿತು. ಆ ನಂತರ ಪ್ರತಿ ಸಲ ಈ ಸುದ್ದಿ ಎದ್ದಾಗಲೂ ಮಲೆನಾಡಿನಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತವೆ.

ಒಂದು, ಇದೆಲ್ಲ ಹುನ್ನಾರ; ನಮ್ಮ ಅಜ್ಜ ಎಂಬತ್ತು ದಾಟುವವರೆಗೂ ಕವಳ ಹಾಕಿದರು, ಅವರಿಗೇನೂ ಆಗಲಿಲ್ಲ; ಪೂಜೆಯಲ್ಲಿ, ಮದುವೆಯಲ್ಲಿ, ಸಂಧಾನದಲ್ಲಿ ಇರುವ ವಸ್ತು ವಿಷವಾಗಲು ಹೇಗೆ ಸಾಧ್ಯ ಎಂಬುದು. ಇನ್ನೊಂದು, ನಗರದ ಕಡೆಯಿಂದ ಬರುವುದು: ಅಡಿಕೆ ವಿಷ, ಅದನ್ನು ಬೆಳೆಯುವವರು ವಿಷ ಬೆಳೆಯುವವರು, ನಿಷೇಧಿಸಿ ಎಂಬುದು. ಎರಡೂ ಕಡೆಯವರು ಒಂದೇ ಪದದ ಮೇಲೆ ನಿಂತು ಜಗಳವಾಡುತ್ತಿದ್ದಾರೆ.

ಅಡಿಕೆಯ ಹಜಾರ್ಡ್ ಇನ್ನು ಚರ್ಚೆಯ ವಿಷಯವಲ್ಲ ಎಂದೇ ನನ್ನ ತಿಳಿವಳಿಕೆ. ಬಾಯಿಯ ಒಳಪದರ ಗಟ್ಟಿಯಾಗುತ್ತ ಹೋಗುವ ಕಾಯಿಲೆಯೊಂದಿದೆ. ಮೊದಲು ಖಾರ ತಾಗಿದರೆ ಉರಿ. ಆಮೇಲೆ ಕೆನ್ನೆಯ ಒಳಗೆ ದಾರ ಬಿಗಿದಂಥ ಪಟ್ಟಿಗಳು ಕೈಗೆ ಸಿಗುತ್ತವೆ. ಕೊನೆಕೊನೆಗೆ ಎರಡು ಬೆರಳು ಹಿಡಿಸುವಷ್ಟೂ ಬಾಯಿ ತೆರೆಯುವುದಿಲ್ಲ. ಅನ್ನದ ತುತ್ತನ್ನು ಚಪ್ಪಟೆ ಮಾಡಿ ಹಲ್ಲಿನ ಸಂದಿಯಿಂದ ಒಳಗೆ ತಳ್ಳಬೇಕು. ಈ ಕಾಯಿಲೆಗೆ ಮುಖ್ಯ ಕಾರಣ ಅಡಿಕೆಯೇ, ತಂಬಾಕಲ್ಲ. ಅದು ಮುಂದೆ ಕ್ಯಾನ್ಸರ್‌ಗೆ ತಿರುಗಬಹುದು. ಇದನ್ನು ಅಲ್ಲಗಳೆಯುವ ಬೆಳೆಗಾರರ ಮುಖಂಡರು ಬೆಳೆಗಾರರಿಗೇ ಉಪಕಾರ ಮಾಡುತ್ತಿಲ್ಲ. ಇಂದು ಅಲ್ಲಗಳೆದದ್ದನ್ನು ನಾಳೆ ಮಾರುಕಟ್ಟೆಯೇ ಬಂದು ಹೇಳಿದಾಗ ತೋಟ ಬದಲಿಸಿಕೊಳ್ಳಲು ಕಾಲ ಉಳಿದಿರುವುದಿಲ್ಲ.

ರಿಸ್ಕಿನ ಕಥೆ ಬೇರೆ. ಅಜ್ಜ ಊಟದ ನಂತರ ಒಂದೆರಡು ಹೋಳು ಜಗಿದು ಉಗಿಯುತ್ತಿದ್ದರು. ಸರಪಣಿಯಂತೆ ತೂಗುಬಿಟ್ಟ ಪೊಟ್ಟಣಗಳಿಂದ ಒಂದೊಂದನ್ನೇ ಹರಿದು, ಬೆಳಗಿನಿಂದ ರಾತ್ರಿಯವರೆಗೆ ಪಾನ್ ಮಸಾಲವನ್ನು ಕೆನ್ನೆಯಲ್ಲಿ ಅಮುಕಿಟ್ಟುಕೊಳ್ಳುವ ಲಾರಿ ಚಾಲಕನ ಬಾಯಿಗೂ ಅಜ್ಜನ ಬಾಯಿಗೂ ಹೋಲಿಕೆಯೇ ಇಲ್ಲ. ವಸ್ತು ಒಂದೇ, ಸಂಪರ್ಕ ಹತ್ತಾರು ಪಟ್ಟು. ಈ ಎರಡನೆಯ ರೀತಿಯನ್ನು ಹುಟ್ಟಿಸಿದ್ದು ತೋಟವಲ್ಲ, ಅಡಿಕೆಯನ್ನು ಪುಡಿ ಮಾಡಿ, ಸುವಾಸನೆ ಹಾಕಿ, ಕೆಲವೇ ರೂಪಾಯಿಗೆ ಪೊಟ್ಟಣದಲ್ಲಿ ಎಲ್ಲ ಗೂಡಂಗಡಿಗೂ ಮುಟ್ಟಿಸಿದ ಉದ್ದಿಮೆ. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿದಾಗ ಅದೇ ಉದ್ದಿಮೆ ಪಾನ್ ಮಸಾಲವನ್ನು ಒಂದು ಪೊಟ್ಟಣದಲ್ಲಿ, ತಂಬಾಕನ್ನು ಇನ್ನೊಂದರಲ್ಲಿ ಕೊಟ್ಟು, ಬೆರೆಸುವ ಕೆಲಸವನ್ನು ಗಿರಾಕಿಯ ಅಂಗೈಗೆ ಬಿಟ್ಟಿತು. ಐಎಆರ್‌ಸಿಯ ವಿಜ್ಞಾನಿಗಳು 2024ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 2022ರಲ್ಲಿ ಜಗತ್ತಿನಲ್ಲಿ ಕಂಡುಬಂದ 3,89,800 ಬಾಯಿ ಕ್ಯಾನ್ಸರ್ ಪ್ರಕರಣಗಳಲ್ಲಿ 1,20,200ಕ್ಕೆ ಹೊಗೆರಹಿತ ತಂಬಾಕು ಮತ್ತು ಅಡಿಕೆ ಕಾರಣ. ಅದರಲ್ಲಿ 83,400 ಭಾರತದವು. 2004ರ ಸಂಪುಟ ಅಡಿಕೆಯ ಗುಣವನ್ನು ಹೇಳಿತ್ತು. ಈ ಸಂಖ್ಯೆಗಳು ಆ ಗುಣವನ್ನು ಎಷ್ಟು ಜನರ ಬಾಯಿಗೆ ನಾವು ತಲುಪಿಸಿದ್ದೇವೆ ಎಂಬುದನ್ನು ಹೇಳುತ್ತವೆ.

ಅಜ್ಜನ ವಾದದಲ್ಲಿ ಇನ್ನೊಂದು ತೊಡಕೂ ಇದೆ. ಕಡಿಮೆ ರಿಸ್ಕ್ ಅಂದರೆ ರಿಸ್ಕ್ ಇಲ್ಲ ಎಂದಲ್ಲ. ಕ್ಯಾನ್ಸರ್ ತರುವ ವಸ್ತುಗಳ ವಿಷಯದಲ್ಲಿ ‘ಇಷ್ಟರವರೆಗೆ ಏನೂ ಆಗುವುದಿಲ್ಲ’ ಎಂಬ ಗೆರೆ ಎಳೆಯುವುದು ಸುಲಭವಲ್ಲ. ಜೊತೆಗೆ, ಬಾಯಿ ಕ್ಯಾನ್ಸರ್‌ನಿಂದ ಬೇಗ ಹೋದ ಅಜ್ಜಂದಿರು ತಮ್ಮ ಅನುಭವ ಹೇಳಲು ಜಗಲಿಯಲ್ಲಿ ಕೂತಿಲ್ಲ. ಉಳಿದವರ ಆಯಸ್ಸನ್ನು ಮಾತ್ರ ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಹಾಗಾದರೆ ರಿಸ್ಕನ್ನೇ ಅಳೆದು ನಡೆದರೆ ಸಾಕು, ಹಜಾರ್ಡ್‌ಗೆ ತಲೆಕೆಡಿಸಿಕೊಳ್ಳಬೇಕಿಲ್ಲ ಎಂದು ಯಾರಾದರೂ ತೀರ್ಮಾನಿಸಿದರೆ ಅದನ್ನು ನಾನು ಒಪ್ಪುವುದಿಲ್ಲ. ರಾಸಾಯನಿಕ ಉದ್ದಿಮೆಯವರ ಪ್ರಿಯವಾದ ಮಾತು ಅದು: ಬಾಟಲಿಯಲ್ಲಿರುವುದು ಹಜಾರ್ಡ್ ನಿಜ, ಸೂಚನೆಯಂತೆ ಬಳಸಿದರೆ ರಿಸ್ಕ್ ಇಲ್ಲ. ಶಾಸ್ತ್ರದ ಪ್ರಕಾರ ಈ ವಾಕ್ಯದಲ್ಲಿ ತಪ್ಪಿಲ್ಲ. ಇದನ್ನು ಪರೀಕ್ಷಿಸಬೇಕಾದದ್ದು ಹೊಲದಲ್ಲಿ.

ಕೀಟನಾಶಕದ ಬಾಟಲಿಯ ಮೇಲೆ ಮೂಲೆಯ ಮೇಲೆ ನಿಲ್ಲಿಸಿದ ಚೌಕವೊಂದಿರುತ್ತದೆ. ಅದರ ಕೆಳಗಿನ ತ್ರಿಕೋನಕ್ಕೆ ಕೆಂಪು, ಹಳದಿ, ನೀಲಿ ಅಥವಾ ಹಸಿರು ಬಣ್ಣ. ಮೇಲಿನ ತ್ರಿಕೋನದಲ್ಲಿ ಎಚ್ಚರಿಕೆ, ಕೆಂಪಿನದಾದರೆ ತಲೆಬುರುಡೆಯ ಗುರುತು. ಬಾಯಿಯ ಮೂಲಕ ಕೊಟ್ಟಾಗ ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲಲು ದೇಹತೂಕದ ಕಿಲೋಗೆ ಎಷ್ಟು ಮಿಲಿಗ್ರಾಂ ಬೇಕು ಎಂಬುದರ ಮೇಲೆ ಈ ಬಣ್ಣ: 50ರೊಳಗೆ ಸಾಕಾದರೆ ಕೆಂಪು, 500ರವರೆಗೆ ಹಳದಿ, 5,000ದವರೆಗೆ ನೀಲಿ, ಅದನ್ನೂ ಮೀರಿದರೆ ಹಸಿರು. ಇದು ಅಪ್ಪಟ ಹಜಾರ್ಡ್‌ನ ಚಿಹ್ನೆ. ಅದೂ ಒಮ್ಮೆಲೇ ಸಾಯುವ ಹಜಾರ್ಡ್‌ನದು. ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಮೈಗೆ ಹೋದರೆ ಏನಾಗುತ್ತದೆ ಎಂಬುದನ್ನು ಬಣ್ಣ ಹೇಳುವುದಿಲ್ಲ. ಹಸಿರು ಕಂಡ ರೈತ ಇದಕ್ಕೇನೂ ಭಯವಿಲ್ಲ ಎಂದುಕೊಂಡರೆ ಅವನ ತಪ್ಪಲ್ಲ. ಬೇರೆಲ್ಲ ಕಡೆ ಹಸಿರಿಗೆ ಅದೇ ಅರ್ಥ.

ಕೈಗವಸು, ಮುಖಗವಸು, ಬೂಟು, ಗಾಳಿಯ ದಿಕ್ಕು ನೋಡಿ ಹೊಡೆಯುವುದು ಎಂಬೆಲ್ಲ ಸೂಚನೆಗಳು ಜೊತೆಗೆ ಮಡಚಿಟ್ಟ ಹಾಳೆಯಲ್ಲಿ, ಹಲವು ಭಾಷೆಗಳ ನಡುವೆ, ಕಣ್ಣಿಗೆ ಹತ್ತಿರ ಹಿಡಿದರೂ ಓದಲಾಗದ ಅಕ್ಷರದಲ್ಲಿರುತ್ತವೆ. ಮಾರ್ಚ್-ಏಪ್ರಿಲ್‌ನ ರಾಯಚೂರಿನ ಬಿಸಿಲಿನಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡು ಎಣ್ಣೆ ಹೊಡೆಯುವ ಕೂಲಿಯಾಳು ರಬ್ಬರಿನ ಬೂಟು, ಗವಸು ತೊಟ್ಟು ದಿನವಿಡೀ ನಿಲ್ಲಲಾರ. ಪಂಪಿನ ಮುಚ್ಚಳದಿಂದ ಸೋರಿದ್ದು ಬೆನ್ನಿಗಿಳಿದು ಬೆವರಿನ ಜೊತೆ ಸೇರುತ್ತದೆ. ನಳಿಕೆ ಕಟ್ಟಿಕೊಂಡರೆ ಬಾಯಲ್ಲಿ ಊದಿ ಬಿಡಿಸುವವರೂ ಇದ್ದಾರೆ. ನಾವು ಈ ವಸ್ತುಗಳನ್ನು ‘ಔಷಧಿ’ ಎಂದೇ ಕರೆಯುತ್ತೇವೆ. ಸೂಚನೆಯಂತೆ ಬಳಸಿದರೆ ಎಂಬ ಷರತ್ತೇ ಈಡೇರದ ಕಡೆ ರಿಸ್ಕ್ ಇಲ್ಲ ಎಂಬ ಭರವಸೆಗೆ ಬೆಲೆ ಏನು?

2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಎಂಬ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆಯಲ್ಲಿ ಸಿಕ್ಕಿದ್ದು ಮೊನೊಕ್ರೊಟೊಫಾಸ್. ಭಾರತ ಇದನ್ನು ನಿಷೇಧಿಸುವ ಬಗ್ಗೆ ಯೋಚಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿತ್ತು. 2005ರಲ್ಲಿ ನಾವು ಮಾಡಿದ್ದೆಂದರೆ ತರಕಾರಿಗೆ ಮಾತ್ರ ಹೊಡೆಯಕೂಡದು ಎಂಬ ನಿಯಮ. ಅಂದರೆ ಹಜಾರ್ಡನ್ನು ಹಳ್ಳಿಗಳಲ್ಲಿ ಹಾಗೆಯೇ ಬಿಟ್ಟು, ಸಂಪರ್ಕವನ್ನು ಕಾಗದದ ಮೇಲೆ ನಿಯಂತ್ರಿಸಿದೆವು.

ಶ್ರೀಲಂಕಾ ಇದಕ್ಕೆ ವಿರುದ್ಧವಾದ ದಾರಿ ಹಿಡಿಯಿತು. ಅಲ್ಲಿ ಆತ್ಮಹತ್ಯೆಗಳ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನದರ ಸಾಲಿಗೆ ಬಂದಿತ್ತು. ಅದಕ್ಕೆ ದೊಡ್ಡ ಕಾರಣ ಪ್ರತಿ ಮನೆಯಲ್ಲಿದ್ದ ಕೀಟನಾಶಕ. ಸುರಕ್ಷಿತವಾಗಿಡಿ, ಬೀಗ ಹಾಕಿ ಎಂದು ಹೇಳುತ್ತ ಕೂರದೆ, 1995ರ ಹೊತ್ತಿಗೆ ಅತ್ಯಂತ ತೀವ್ರ ವಿಷದ ವರ್ಗವನ್ನೂ, 1998ರಲ್ಲಿ ಎಂಡೋಸಲ್ಫಾನನ್ನೂ ಆ ದೇಶ ಮಾರುಕಟ್ಟೆಯಿಂದಲೇ ತೆಗೆಯಿತು. 20 ವರ್ಷಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಶೇ 70ರಷ್ಟು ಇಳಿಯಿತು. ದುಡುಕಿನ ಗಳಿಗೆಗಳು ಮನೆಗಳಲ್ಲಿ ಆಮೇಲೂ ಬಂದಿರುತ್ತವೆ. ಅಂಥ ಗಳಿಗೆಯಲ್ಲಿ ಕೈಗೆ ಸಿಗುತ್ತಿದ್ದ ವಸ್ತು ಮಾತ್ರ ಬೇರೆಯಾಗಿತ್ತು, ಆಸ್ಪತ್ರೆಗೆ ಮುಟ್ಟಿದವರು ಬದುಕಿದರು. ಯುರೋಪಿನ ಕೀಟನಾಶಕ ಕಾನೂನು ಕೂಡ ಕೆಲವು ಬಗೆಯ ವಸ್ತುಗಳನ್ನು ಹಜಾರ್ಡ್ ನೋಡಿಯೇ ಹೊರಗಿಡುತ್ತದೆ; ರಿಸ್ಕ್ ಎಷ್ಟು ಕಡಿಮೆ ಎಂಬ ವಾದಕ್ಕೆ ಅಲ್ಲಿ ಅವಕಾಶ ಕಿರಿದು. ಸಂಪರ್ಕವನ್ನು ನಿಯಂತ್ರಿಸುವ ಶಕ್ತಿ ನಮಗಿದ್ದರೆ ರಿಸ್ಕ್ ಅಳೆದು ನಡೆಯೋಣ. ಆ ಶಕ್ತಿ ಇಲ್ಲದ ಕಡೆ ಹಜಾರ್ಡನ್ನೇ ತೆಗೆಯಬೇಕು. ಯಾವ ವಾದ ಎಲ್ಲಿ ಸಲ್ಲುತ್ತದೆ ಎಂದು ನಿರ್ಧರಿಸುವುದಕ್ಕೂ ಮೊದಲು ಈ ಎರಡನ್ನು ಬೇರೆಯಾಗಿ ಕಾಣಬೇಕು.

ಎಂಡೋಸಲ್ಫಾನ್ ಹೆಸರು ಬಂದಮೇಲೆ ಕಾಸರಗೋಡಿನ ಪಡ್ರೆಯನ್ನೂ, ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆಯನ್ನೂ ನೆನೆಯದೆ ಮುಂದೆ ಹೋಗಲಾಗದು. ಗುಡ್ಡದ ನೆತ್ತಿಯ ಗೇರುತೋಟಗಳ ಮೇಲೆ ವರ್ಷವರ್ಷವೂ ಹೆಲಿಕಾಪ್ಟರ್‌ನಿಂದ ಅದನ್ನು ಸುರಿದರು. ಕೆಳಗಿನ ಕಣಿವೆಯಲ್ಲಿ ಮನೆಗಳು, ತೋಡುಗಳು, ಜನ ಕುಡಿಯುವ ನೀರಿನ ಸುರಂಗಗಳು. ಪಡ್ರೆಯ ವೈದ್ಯರೊಬ್ಬರು ಊರಿನ ಕಾಯಿಲೆಗಳನ್ನು ಗಮನಿಸಿ ಎಚ್ಚರಿಸಿದರು, ಪತ್ರಕರ್ತ ಶ್ರೀಪಡ್ರೆಯವರು ಬರೆದರು. 2011ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕುವವರೆಗೆ ವಾದ ನಡೆದದ್ದು ಬಹುಪಾಲು ಹಜಾರ್ಡ್‌ನ ಮೇಲೆ: ಈ ರಾಸಾಯನಿಕ ಇಂಥ ಕಾಯಿಲೆ ತರಬಲ್ಲದೋ ಇಲ್ಲವೋ. ಹೆಲಿಕಾಪ್ಟರಿಗೆ ಅನುಮತಿ ಕೊಟ್ಟವರು ಯಾರು, ಕೆಳಗೆ ಮನೆಗಳಿವೆ ಎಂದು ಅವರಿಗೆ ಗೊತ್ತಿರಲಿಲ್ಲವೇ ಎಂಬ ಪ್ರಶ್ನೆಗೆ ಪ್ರಯೋಗಾಲಯ ಬೇಕಿರಲಿಲ್ಲ. ಅದಕ್ಕೆ ಉತ್ತರ ಹೇಳಬೇಕಾದವರು ವಿಜ್ಞಾನಿಗಳ ಜಗಳದ ಹಿಂದೆ ನೆಮ್ಮದಿಯಾಗಿದ್ದರು.

ಪ್ರಕೃತಿಯ ವಿಷಯದಲ್ಲಿ ಈ ತಪ್ಪಿಸಿಕೊಳ್ಳುವಿಕೆ ಇನ್ನೂ ಸುಲಭ. ನಮ್ಮ ಬೀದರ್, ಕಲಬುರಗಿಗೆ ಸಮೀಪದ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಮಿ ನಡುಗಿತು. ಅಂದಿನ ಭೂಕಂಪ ನಕ್ಷೆಯಲ್ಲಿ ಆ ಪ್ರದೇಶ ಅತ್ಯಂತ ಕಡಿಮೆ ಕಂಪನದ 1ನೇ ವಲಯದಲ್ಲಿತ್ತು. ನಕ್ಷೆ ಹೇಳುತ್ತಿದ್ದದ್ದು ಹಜಾರ್ಡ್, ಜನ ಮತ್ತು ಸರ್ಕಾರ ಓದಿಕೊಂಡದ್ದು ರಿಸ್ಕ್ ಇಲ್ಲ ಎಂದು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಮರದ ಹಲಗೆ, ಅದರ ಮೇಲೆ ಬಿಸಿಲು ತಡೆಯಲು ಹಾಕಿದ ಭಾರಿ ಮಣ್ಣಿನ ಹೊದಿಕೆ. ಮಲಗಿದ್ದವರ ಮೇಲೆ ಅದೆಲ್ಲ ಬಿತ್ತು. ಸತ್ತವರು ಹತ್ತು ಸಾವಿರದ ಹತ್ತಿರ. ಮೂರೂವರೆ ತಿಂಗಳ ನಂತರ, 1994ರ ಜನವರಿ 17ರಂದು, ಅದೇ ರೀತಿ ನಸುಕಿನಲ್ಲೇ, ಅಮೆರಿಕದ ಲಾಸ್ ಏಂಜಲೀಸ್ ಬಳಿಯ ನಾರ್ತ್‌ರಿಡ್ಜ್‌ನಲ್ಲಿ ಕಿಲ್ಲಾರಿಗಿಂತ ದೊಡ್ಡ ಕಂಪನವಾಯಿತು. ಅಲ್ಲಿ ಸತ್ತವರು ಸುಮಾರು 60 ಜನ. ಭೂಮಿ ಹೆಚ್ಚು ನಡುಗುವ ಜಾಗದಲ್ಲಿ ಕಟ್ಟಡದ ನಿಯಮಗಳಿದ್ದವು, ಜಾರಿಯಲ್ಲೂ ಇದ್ದವು.

ಭೋಪಾಲದ ಅನಿಲ ದುರಂತದ ವಿಷಯದಲ್ಲೂ ಮೀಥೈಲ್ ಐಸೊಸಯನೇಟ್ ಎಂಬ ಹೆಸರಷ್ಟೇ ಜನರ ನೆನಪಿನಲ್ಲಿದೆ. ಅದು ಭೀಕರವಾದ ವಸ್ತು ಎಂಬುದನ್ನು ತಯಾರಕರೂ ಬಲ್ಲವರಾಗಿದ್ದರು. ಅದಕ್ಕೇ ತಂಪಾಗಿಡುವ ಯಂತ್ರ, ಅನಿಲವನ್ನು ತೊಳೆಯುವ ಗೋಪುರ, ಸುಟ್ಟುಹಾಕುವ ಚಿಮಣಿ ಇಟ್ಟಿದ್ದರು. 1984ರ ಡಿಸೆಂಬರ್ 2ರ ರಾತ್ರಿ ತಂಪು ಯಂತ್ರ ತಿಂಗಳುಗಳಿಂದ ನಿಂತಿತ್ತು, ಚಿಮಣಿಯ ಕೊಳವೆ ರಿಪೇರಿಗೆಂದು ಕಳಚಿತ್ತು, ತೊಳೆಯುವ ಗೋಪುರ ಕೆಲಸಕ್ಕೆ ಅಣಿಯಾಗಿರಲಿಲ್ಲ. ಸುಮಾರು 40 ಟನ್ ದ್ರವ ಒಂದೇ ತೊಟ್ಟಿಯಲ್ಲಿತ್ತು, ಗೋಡೆಯಾಚೆ ಜನವಸತಿ. ವಸ್ತುವಿನ ಗುಣ ಮೊದಲಿದ್ದಂತೆಯೇ ಇತ್ತು. ಉಳಿದದ್ದೆಲ್ಲ ಒಬ್ಬೊಬ್ಬರ ಸಹಿಯಿಂದ ಆದದ್ದು.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಗುಡ್ಡದ ಬುಡದಲ್ಲಿ ಚಹಾ ಅಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ದಣಿವಾರಿಸಿಕೊಳ್ಳಲು ಲಾರಿ ನಿಲ್ಲಿಸಿದ್ದ ಚಾಲಕರು. ಇನ್ನೊಂದು ಬದಿಗೆ ಗಂಗಾವಳಿ ನದಿ. ನದಿಯ ತಳದಿಂದ ಒಂದು ಲಾರಿಯನ್ನು ಮೇಲೆತ್ತಲು ಎರಡು ತಿಂಗಳು ದಾಟಿತು. ‘ಭಾರಿ ಮಳೆಯಿಂದ ಗುಡ್ಡ ಕುಸಿತ’ ಎಂಬ ವಾಕ್ಯದಲ್ಲಿ ಸುಳ್ಳಿಲ್ಲ. ಉತ್ತರ ಕನ್ನಡದಲ್ಲಿ ಆಷಾಢದ ಮಳೆ ಎಂದೂ ಭಾರಿಯೇ. ರಸ್ತೆ ಅಗಲ ಮಾಡಲು ಇಳಿಜಾರನ್ನು ಯಾವ ಕೋನದಲ್ಲಿ ಕಡಿದರು, ಕಡಿದ ಮೈಯಿಂದ ನೀರು ಹರಿದುಹೋಗಲು ಏನು ವ್ಯವಸ್ಥೆ ಮಾಡಿದರು, ಅದರ ಬುಡದಲ್ಲಿ ವಾಹನ ನಿಲ್ಲುವುದನ್ನು ಯಾಕೆ ತಡೆಯಲಿಲ್ಲ ಎಂಬುದು ಆ ವಾಕ್ಯದೊಳಗೆ ಬರುವುದಿಲ್ಲ.

ಗುಡ್ಡ ಕುಸಿಯಬಹುದಾದ ಜಾಗಗಳ ನಕ್ಷೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಈಗಾಗಲೇ ಮಾಡಿದೆ. ಅದು ಹಜಾರ್ಡ್‌ನ ನಕ್ಷೆ. ಅದರ ಮೇಲೆ ಕಡಿದ ಇಳಿಜಾರುಗಳನ್ನು, ಅವುಗಳ ಬುಡದಲ್ಲಿರುವ ಮನೆ, ಅಂಗಡಿ, ಶಾಲೆ, ಬಸ್ ನಿಲ್ಲುವ ಜಾಗಗಳನ್ನು ಒಂದೊಂದಾಗಿ ಗುರುತಿಸಿದರೆ ರಿಸ್ಕಿನ ನಕ್ಷೆಯಾಗುತ್ತದೆ. ಆ ಕೆಲಸಕ್ಕೆ ಉಪಗ್ರಹ ಬೇಡ. ಊರಿನ ಪಿಡಿಒ, ಲೋಕೋಪಯೋಗಿ ಇಲಾಖೆಯ ಎಂಜಿನಿಯರ್, ಅರಣ್ಯದ ಗಾರ್ಡ್ ಒಟ್ಟಿಗೆ ಮೇ ತಿಂಗಳಲ್ಲಿ ನಡೆದು ನೋಡಿದರೆ ಆದೀತು. ಪ್ರತಿ ಗುರುತಿನ ಪಕ್ಕ ಆ ಇಳಿಜಾರನ್ನು ಕಡಿಸಿದ ಇಲಾಖೆಯ ಹೆಸರನ್ನೂ ಬರೆದು, ಮುಂಗಾರಿಗೆ ಮೊದಲು ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಬೇಕು.